ವಾರ್ಡ್‌ನಲ್ಲಿರುವವರಿಗೆ ಕೊಲೊನೋಸ್ಕೋಪಿ: ಕರುಳು ತೊಳೆಯುವ ಮದ್ದು ಯಾವುದು, ಎಷ್ಟು ಗಂಟೆಗೆ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿಗೆ ಮೊದಲು ಕರುಳು ಖಾಲಿಯಾಗಬೇಕು. ಮನೆಯಿಂದ ನಡೆದು ಬರುವವರ ತಯಾರಿ ಒಂದು ಬಗೆ, ಅಡ್ಮಿಟ್ ಆಗಿ ಮಲಗಿರುವವರದು ಇನ್ನೊಂದು ಬಗೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎರಡನೆಯ ಗುಂಪಿನವರದ್ದೇ ಆದ್ದರಿಂದ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಮ್ಮ ತಂದೆಯವರಿಗೆ 72 ವರ್ಷ. ಶುಗರ್, ಬಿಪಿ ಎರಡೂ ಇವೆ. ರಕ್ತ ಕಡಿಮೆಯಾಗಿದೆ ಎಂದು ಅಡ್ಮಿಟ್ ಮಾಡಿಕೊಂಡು ಕೊಲೊನೋಸ್ಕೋಪಿ ಬರೆದಿದ್ದಾರೆ. ಪಕ್ಕದ ಬೆಡ್‌ನವರಿಗೆ ಸಣ್ಣ ಬಾಟಲಿ ಮದ್ದು ಕೊಟ್ಟರು, ನಮಗೆ ಮಾತ್ರ 2 ಲೀಟರ್ ಪುಡಿ ನೀರು ಕುಡಿಯಲು ಹೇಳಿದ್ದಾರೆ. ಸಣ್ಣ ಬಾಟಲಿಯನ್ನೇ ಕೊಡಿ ಎಂದು ಕೇಳಬಹುದೇ?
— ಓದುಗರು, ಜಯನಗರ

ಕೇಳಬಹುದು. ಆದರೆ ನಿಮ್ಮ ತಂದೆಯವರಿಗೆ ಪುಡಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಬಾಟಲಿಯ ಗಾತ್ರವನ್ನು ಬದಿಗಿಟ್ಟು, ಒಳಗಿರುವುದು ಏನು ಎಂದು ನೋಡೋಣ.

ಪುಡಿಯಲ್ಲಿರುವುದು ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳು. ಡಾಕ್ಟರುಗಳು ಇದನ್ನು ಪೆಗ್ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಪೆಗ್‌ಲೆಕ್ ಸ್ಯಾಚೆಯಲ್ಲಿ 137.15 ಗ್ರಾಂ ಪುಡಿ ಇರುತ್ತದೆ, ಅದನ್ನು ಪೂರಾ 2 ಲೀಟರ್ ನೀರಿಗೆ ಕದಡಬೇಕು. ಪೆಗ್‌ನ ಅಣು ದೊಡ್ಡದು, ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಜೊತೆಗಿರುವ ಲವಣಗಳ ಪ್ರಮಾಣವನ್ನು ರಕ್ತದ ಸಾಂದ್ರತೆಗೆ ಹೊಂದಿಸಿರುತ್ತಾರೆ. ಹಾಗಾಗಿ ಕುಡಿದ ನೀರು ಮೈಗೆ ಸೇರುವುದೂ ಇಲ್ಲ, ಮೈಯ ನೀರನ್ನು ಹೊರಗೆಳೆಯುವುದೂ ಇಲ್ಲ. ಬಾಯಿಯಿಂದ ಹೊರಟದ್ದು ಮಲವನ್ನು ತೊಳೆದುಕೊಂಡು ಕೆಳಗೆ ಹೋಗುತ್ತದೆ. 1980ರಲ್ಲಿ ಅಮೆರಿಕದ ಫೋರ್ಡ್‌ಟ್ರಾನ್ ಮತ್ತು ಸಂಗಡಿಗರು ಈ ದ್ರಾವಣವನ್ನು ರೂಪಿಸಿದ್ದೇ ಇದಕ್ಕಾಗಿ. ಹೃದಯ, ಮೂತ್ರಪಿಂಡ, ಲಿವರ್ ದುರ್ಬಲವಾಗಿರುವವರಿಗೂ ಡಾಕ್ಟರುಗಳು ಮೊದಲು ಇದನ್ನೇ ಆರಿಸುವುದು ಈ ಕಾರಣಕ್ಕೆ. ಪ್ರಮಾಣ ಹೆಚ್ಚು, ರುಚಿ ಉಪ್ಪುಪ್ಪು. ಅದೊಂದೇ ಕಷ್ಟ, ಆದರೆ ವಯಸ್ಸಾದವರಿಗೆ ಅದು ನಿಜವಾಗಿಯೂ ಕಷ್ಟ.

ಸಣ್ಣ ಬಾಟಲಿ ಎಂದರೆ ಎರಡರಲ್ಲಿ ಒಂದು ಇರಬಹುದು. ಮೊದಲನೆಯದು ಸೋಡಿಯಂ ಫಾಸ್ಫೇಟ್, ಸಾಮಾನ್ಯವಾಗಿ 45 ಮಿಲಿಲೀಟರ್‌ನ ಎರಡು ಸಲದ ಡೋಸು. ಇದು ಮೈಯೊಳಗಿನ ನೀರನ್ನು ಕರುಳಿಗೆ ಎಳೆದು ಭೇದಿ ಮಾಡಿಸುತ್ತದೆ. ನೀರು ಬತ್ತಿದ ಹೊತ್ತಿನಲ್ಲಿ ಫಾಸ್ಫೇಟ್ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಬಹುದು. ಕೆಲವರಲ್ಲಿ ಆ ಹಾನಿ ವಾಸಿಯಾಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2008ರ ಡಿಸೆಂಬರ್‌ನಲ್ಲಿ ಇದಕ್ಕೆ ಅತಿ ಗಂಭೀರ ಎಚ್ಚರಿಕೆಯನ್ನು ಲಗತ್ತಿಸಿತು. ಹೆಚ್ಚು ಅಪಾಯ ಇರುವುದು ವಯಸ್ಸಾದವರಿಗೆ, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ, ನೀರು ಇಳಿಸುವ ಮಾತ್ರೆ ಅಥವಾ ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ. ಆಸ್ಪತ್ರೆಯ ವಾರ್ಡ್‌ನಲ್ಲಿ ಒಂದು ಸುತ್ತು ಹಾಕಿ ಬಂದರೆ ಈ ಪಟ್ಟಿಯಿಂದ ಹೊರಗುಳಿಯುವವರು ಬಹಳ ಕಡಿಮೆ. ನಿಮ್ಮ ತಂದೆಯವರಿಗೆ ಇದು ಬೇಡವೇ ಬೇಡ.

ಎರಡನೆಯದು ಸಲ್ಫೇಟ್ ಲವಣಗಳ ಬಾಟಲಿ. ಇದು ಚೆನ್ನಾಗಿಯೇ ತೊಳೆಯುತ್ತದೆ. ಆದರೆ ಬಾಟಲಿ ಸಣ್ಣದೆಂದು ಕುಡಿಯುವುದೂ ಕಡಿಮೆ ಎಂದುಕೊಳ್ಳಬೇಡಿ. ಪ್ರತಿ ಸಲವೂ ಅದನ್ನು ಸುಮಾರು ಅರ್ಧ ಲೀಟರ್‌ಗೆ ತೆಳು ಮಾಡಿ ಕುಡಿದು, ಆಮೇಲೆ ಒಂದು ಗಂಟೆಯೊಳಗೆ ಇನ್ನೂ ಸುಮಾರು ಒಂದು ಲೀಟರ್ ಬರೀ ನೀರು ಕುಡಿಯಬೇಕು. ಎರಡೂ ಸಲದ್ದು ಸೇರಿದರೆ ಮೂರು ಲೀಟರ್ ಹತ್ತಿರ ಬರುತ್ತದೆ. ಆ ನೀರನ್ನು ಬಿಟ್ಟು ಮದ್ದನ್ನಷ್ಟೇ ಕುಡಿಸಿದರೆ ಬಿಪಿ ಬೀಳುತ್ತದೆ, ಕಿಡ್ನಿಗೆ ಪೆಟ್ಟಾಗುತ್ತದೆ. ಪಕ್ಕದ ಬೆಡ್‌ನವರು ಗಟ್ಟಿಮುಟ್ಟಾಗಿದ್ದು, ಕಿಡ್ನಿ ಸರಿಯಿದ್ದು, ತಾವೇ ನೀರು ಕುಡಿಯಬಲ್ಲವರಾದರೆ ಅವರಿಗೆ ಅದು ಸರಿಯಾದ ಆಯ್ಕೆಯೇ.

ಸೋಡಿಯಂ ಪಿಕೋಸಲ್ಫೇಟ್ ಮತ್ತು ಮೆಗ್ನೀಸಿಯಂ ಸಿಟ್ರೇಟ್ ಸೇರಿದ ಪುಡಿಯೂ ಇದೆ. ಒಂದು ಲೋಟ ನೀರಿಗೆ ಒಂದು ಸ್ಯಾಚೆ, ಕಿತ್ತಳೆ ರುಚಿ, ಕುಡಿಯಲು ಸುಲಭ. ಇದರಲ್ಲಿ ಎರಡು ತೊಡಕು. ಕಿಡ್ನಿ ಕೆಲಸ ಕಡಿಮೆಯಿದ್ದರೆ ಮೆಗ್ನೀಸಿಯಂ ರಕ್ತದಲ್ಲಿ ಏರುತ್ತದೆ. ಜೊತೆಗೆ ಬರೀ ನೀರನ್ನೇ ಹೆಚ್ಚು ಕುಡಿದರೆ ಸೋಡಿಯಂ ಇಳಿದು, ಮುದುಕರಿಗೆ ಮಂಪರು, ಗೊಂದಲ, ಕೆಲವೊಮ್ಮೆ ಫಿಟ್ಸ್ ಬರಬಹುದು. ನೀರಿನ ಬದಲು ಓಆರ್‌ಎಸ್‌ನಂಥ ಲವಣವಿರುವ ಪಾನೀಯ ಕೊಡುವುದು ಇದಕ್ಕಾಗಿಯೇ. ಕರುಳಿನ ಹುಣ್ಣಿನ ಕಾಯಿಲೆ ಇದೆಯೇ ಎಂದು ನೋಡಲು ಸ್ಕೋಪಿ ಮಾಡುತ್ತಿದ್ದರೆ ಫಾಸ್ಫೇಟ್, ಪಿಕೋಸಲ್ಫೇಟ್ ಎರಡನ್ನೂ ಬಿಡುವುದು ಒಳ್ಳೆಯದು. ಅವು ತಾವೇ ಸಣ್ಣ ಸಣ್ಣ ಹುಣ್ಣುಗಳನ್ನು ಎಬ್ಬಿಸಿ ಡಾಕ್ಟರನ್ನು ದಾರಿ ತಪ್ಪಿಸುತ್ತವೆ.

ಡ್ರಿಪ್‌ಗೆ ಬಳಸುವ ಮ್ಯಾನಿಟಾಲ್ ಬಾಟಲಿಯನ್ನು ಜ್ಯೂಸ್‌ಗೆ ಬೆರೆಸಿ ಕುಡಿಸುವ ಹಳೆಯ ಪದ್ಧತಿಯೂ ಒಂದಿದೆ. ಅಗ್ಗ ನಿಜ. ಆದರೆ ಕರುಳಿನ ಬ್ಯಾಕ್ಟೀರಿಯಾ ಈ ಸಕ್ಕರೆಯನ್ನು ಹುಳಿಯಿಸಿ ಹೈಡ್ರೋಜನ್ ಅನಿಲ ಹೊರಡಿಸುತ್ತವೆ. ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು (ಪಾಲಿಪ್) ಕತ್ತರಿಸಲು ಕರೆಂಟ್ ಕೊಟ್ಟಾಗ ಅದಕ್ಕೆ ಕಿಡಿ ತಗುಲಿ ಕರುಳೇ ಸಿಡಿದು ರೋಗಿ ಸತ್ತ ಘಟನೆ 1979ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಲ್ಯಾಕ್ಟುಲೋಸ್ ಸಿರಪ್ಪಿಗೂ ಇದೇ ದೋಷ.

ಇನ್ನು ರಕ್ತ ಕಡಿಮೆ ಎಂದಿದ್ದೀರಿ. ತಂದೆಯವರು ಕಬ್ಬಿಣದ ಮಾತ್ರೆ ನುಂಗುತ್ತಿದ್ದಾರೆಯೇ? ಅದರಿಂದ ಮಲ ಕಪ್ಪಾಗಿ, ಟಾರಿನಂತೆ ಕರುಳಿನ ಗೋಡೆಗೆ ಅಂಟುತ್ತದೆ, ಯಾವ ಮದ್ದಿಗೂ ಸುಲಭವಾಗಿ ಜಗ್ಗುವುದಿಲ್ಲ. 5ರಿಂದ 7 ದಿನ ಮೊದಲೇ ನಿಲ್ಲಿಸಬೇಕು. ಅಷ್ಟು ಸಮಯವಿಲ್ಲದಿದ್ದರೆ ಡಾಕ್ಟರಿಗೆ ತಿಳಿಸಿ, ಪೆಗ್ ಪ್ರಮಾಣ ಹೆಚ್ಚಿಸಬೇಕಾಗಬಹುದು. ರಕ್ತನಾಳದ ಮೂಲಕ ಕೊಡುವ ಕಬ್ಬಿಣದಿಂದ ಈ ತೊಂದರೆ ಇಲ್ಲ.

ನಮ್ಮ ಅತ್ತೆಯವರನ್ನು ಬೆಳಗ್ಗೆ 10 ಗಂಟೆಗೆ ಸ್ಕೋಪಿಗೆ ಒಳಗೆ ಕರೆದುಕೊಂಡು ಹೋಗಿ, ಕಾಲು ಗಂಟೆಯಲ್ಲೇ "ಕ್ಲೀನ್ ಆಗಿಲ್ಲ, ನಾಳೆ ಮಾಡೋಣ" ಎಂದು ವಾಪಸ್ ಕಳಿಸಿದರು. ಹಿಂದಿನ ಸಂಜೆಯೇ 2 ಲೀಟರ್ ಪೂರ್ತಿ ಕುಡಿದಿದ್ದರು. ರಾತ್ರಿ 12ರ ನಂತರ ಏನೂ ಕೊಡಬೇಡಿ ಎಂದಿದ್ದರು, ಕೊಡಲಿಲ್ಲ. ತಪ್ಪಾಗಿದ್ದು ಎಲ್ಲಿ?
— ಓದುಗರು, ಯಲಹಂಕ

ತಪ್ಪು ನಿಮ್ಮದಲ್ಲ, ಮದ್ದಿನದೂ ಅಲ್ಲ. ಗಂಟೆಯದು.

ಸಂಜೆ ಎಷ್ಟೇ ಚೆನ್ನಾಗಿ ತೊಳೆದರೂ ರಾತ್ರಿಯಿಡೀ ಸಣ್ಣ ಕರುಳಿನಿಂದ ಪಿತ್ತ, ಲೋಳೆ ಇಳಿಯುತ್ತಲೇ ಇರುತ್ತವೆ. ಅದು ಮೊದಲು ಬಂದು ಬೀಳುವುದು ದೊಡ್ಡ ಕರುಳಿನ ಬಲಭಾಗಕ್ಕೆ. ಬೆಳಗಾಗುವಷ್ಟರಲ್ಲಿ ಅಲ್ಲಿ ಹಳದಿ-ಹಸಿರು ಅಂಟಿನ ಪದರ ಕಟ್ಟಿರುತ್ತದೆ. ಬಲಭಾಗದಲ್ಲಿ ಬೆಳೆಯುವ ಗಂಟುಗಳು ಹಲವು ಸಲ ಚಪ್ಪಟೆಯಾಗಿರುತ್ತವೆ, ಆ ಪದರದ ಕೆಳಗೆ ಅಡಗಿಬಿಡುತ್ತವೆ. ಆದ್ದರಿಂದ ಮದ್ದನ್ನು ಎರಡು ಪಾಲು ಮಾಡಿ, ಎರಡನೆಯದನ್ನು ಸ್ಕೋಪಿಯ ದಿನ ಬೆಳಗ್ಗೆಯೇ ಕುಡಿಸಬೇಕು. ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಶುರುಮಾಡಿ, ಕನಿಷ್ಠ 2 ಗಂಟೆ ಮೊದಲು ಮುಗಿಸಬೇಕು. ಯಾವ ಕಂಪನಿಯ ಮದ್ದು ಎನ್ನುವುದಕ್ಕಿಂತ ಈ ಒಂದು ನಿಯಮ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾವು ಒತ್ತಿ ಹೇಳುತ್ತೇವೆ.

ನಿಮ್ಮ ಅತ್ತೆಯವರ 10 ಗಂಟೆಯ ಲೆಕ್ಕವನ್ನೇ ಹಿಡಿಯಿರಿ. ಹಿಂದಿನ ಸಂಜೆ 6ಕ್ಕೆ ಮೊದಲ ಲೀಟರ್ ಆರಂಭ, 250 ಮಿಲಿ ಲೋಟದಲ್ಲಿ 15 ನಿಮಿಷಕ್ಕೆ ಒಂದರಂತೆ ನಾಲ್ಕು ಲೋಟ. ಒಂದು ಗಂಟೆಯಲ್ಲಾಗದಿದ್ದರೆ ಎರಡು ಗಂಟೆಯಾಗಲಿ. ಬೆಳಗ್ಗೆ 5ಕ್ಕೆ ಎಬ್ಬಿಸಿ ಎರಡನೆಯ ಲೀಟರ್. 7ಕ್ಕೆ ಮುಗಿಯಲಿ, ಏನೇ ಆದರೂ 8ರ ನಂತರ ಬೇಡ. ಸ್ಕೋಪಿ ಮಧ್ಯಾಹ್ನಕ್ಕಿದ್ದರೆ ಪೂರ್ತಿ ಮದ್ದನ್ನು ಅದೇ ದಿನ ಬೆಳಗ್ಗೆ ಕುಡಿಸಿದರೂ ಆದೀತು.

ಇದಕ್ಕೆ ಅಡ್ಡ ಬರುವುದು "ರಾತ್ರಿ 12ರ ನಂತರ ಏನೂ ಇಲ್ಲ" ಎಂಬ ವಾರ್ಡ್‌ನ ರೂಢಿ. ಅರಿವಳಿಕೆಗೆ ಗಟ್ಟಿ ಆಹಾರ ಮತ್ತು ತಿಳಿ ದ್ರವ ಒಂದೇ ಅಲ್ಲ. ಲಘು ಆಹಾರಕ್ಕೆ 6 ಗಂಟೆ, ತಿಳಿ ದ್ರವಕ್ಕೆ 2 ಗಂಟೆಯ ಅಂತರ ಸಾಕೆಂಬುದು ಅರಿವಳಿಕೆ ತಜ್ಞರೇ ಒಪ್ಪಿರುವ ನಿಯಮ. ಹೊಟ್ಟೆ ನಿಧಾನವಾಗಿ ಖಾಲಿಯಾಗುವ ಕೆಲವರಿಗೆ ಮಾತ್ರ ಅವರು ಬೇರೆ ಹೇಳಬಹುದು. ಹಾಗಾಗಿ ಹಿಂದಿನ ದಿನ ಸಂಜೆಯ ರೌಂಡ್ಸ್‌ನಲ್ಲೇ ಕೇಳಿ: "ಸರ್, ಬೆಳಗ್ಗೆ 5ಕ್ಕೆ ಎರಡನೇ ಲೀಟರ್ ಕೊಡಬೇಕಲ್ವಾ? ಕೇಸ್‌ಶೀಟ್‌ನಲ್ಲಿ ಗಂಟೆ ಸಮೇತ ಬರೆದುಬಿಡಿ." ಬಾಯಿ ಮಾತಿನಲ್ಲಿ ಉಳಿದದ್ದು ರಾತ್ರಿ ಡ್ಯೂಟಿಯಿಂದ ಬೆಳಗಿನ ಡ್ಯೂಟಿಗೆ ಸಿಸ್ಟರ್‌ಗಳು ಬದಲಾಗುವಾಗ ಕಳೆದುಹೋಗುತ್ತದೆ.

ವಾರ್ಡ್‌ನಲ್ಲಿ ಕೈಕೊಡುವ ಇನ್ನೂ ಕೆಲವು ಸಂಗತಿಗಳಿವೆ. ಫಾರ್ಮಸಿಯಿಂದ ಸ್ಯಾಚೆ ಬರುವಷ್ಟರಲ್ಲಿ ರಾತ್ರಿ 9 ಆಗಿರುತ್ತದೆ. ಕೈಗೆ ಸಿಕ್ಕಿದ್ದು ಒಂದು ಲೀಟರ್ ಬಿಸ್ಲೇರಿ ಬಾಟಲಿ ಎಂದು ಅದಕ್ಕೇ ಪೂರ್ತಿ ಪುಡಿ ಸುರಿಯುತ್ತಾರೆ. ಸಾಂದ್ರತೆ ಇಮ್ಮಡಿಯಾಗಿ ವಾಂತಿ ಬರುತ್ತದೆ, ಮೈಯ ನೀರೂ ಹೋಗುತ್ತದೆ. ಸಿಹಿಯಾಗಲಿ ಎಂದು ಸಕ್ಕರೆ, ಗ್ಲೂಕೋಸ್ ಬೆರೆಸುತ್ತಾರೆ. ಸಕ್ಕರೆ ಜೊತೆಗಿದ್ದರೆ ಕರುಳು ಸೋಡಿಯಂ ಹೀರಿಕೊಳ್ಳುತ್ತದೆ, ಹಿಂದೆಯೇ ನೀರನ್ನೂ ಹೀರುತ್ತದೆ, ಪೆಗ್‌ನ ಉದ್ದೇಶವೇ ಕೆಡುತ್ತದೆ. ಬೆಳಗ್ಗೆ ಎರಡನೇ ಲೀಟರ್ ಹೊತ್ತಿಗೇ ಸ್ಕ್ಯಾನಿಂಗ್‌ಗೆ ಕರೆದೊಯ್ಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಹತ್ತು ಜನಕ್ಕೆ ಒಂದೇ ಟಾಯ್ಲೆಟ್ ಇರುವ ವಾರ್ಡ್‌ನಲ್ಲಿ ಹೆಂಗಸರು ಸಂಕೋಚಪಟ್ಟು ಕುಡಿಯುವುದನ್ನೇ ನಿಲ್ಲಿಸಿ, "ಕುಡಿದೆ" ಎಂದುಬಿಡುತ್ತಾರೆ. ಅವರನ್ನು ಬೈಯಬೇಡಿ. ಬೆಡ್ ಪಕ್ಕಕ್ಕೆ ಕಮೋಡ್ ಕುರ್ಚಿ ಮತ್ತು ಪರದೆ ಕೇಳಿ ಪಡೆಯಿರಿ. ಸಂಕೋಚ ಅರ್ಧ ಇಳಿಯುತ್ತದೆ.

ಕುಡಿಸುವ ಉಪಾಯ: ಕದಡಿದ ನೀರನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ, ಸ್ಟ್ರಾ ಹಾಕಿ ನಾಲಗೆಯ ಹಿಂಭಾಗಕ್ಕೆ ಎಳೆದುಕೊಳ್ಳಲಿ. ಲೋಟಗಳ ನಡುವೆ ನಿಂಬೆಹಣ್ಣಿನ ಹೋಳು ಚೀಪಬಹುದು. ಹೊಟ್ಟೆ ತೊಳಸಿದರೆ ಅರ್ಧ ಗಂಟೆ ನಿಲ್ಲಿಸಿ, ಓಡಾಡುವ ಶಕ್ತಿಯಿದ್ದರೆ ಕಾರಿಡಾರ್‌ನಲ್ಲಿ ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಶುರುಮಾಡಿ. ನಡೆದಾಡುವುದರಿಂದ ಕರುಳೂ ಚಲಿಸುತ್ತದೆ. ವಾಂತಿ ನಿಲ್ಲದಿದ್ದರೆ ಓಂಡನ್‌ಸೆಟ್ರಾನ್ ಇಂಜೆಕ್ಷನ್ ಕೊಡಬಹುದೇ ಎಂದು ಡ್ಯೂಟಿ ಡಾಕ್ಟರನ್ನು ಕೇಳಿ. ಹೊಟ್ಟೆ ಬಿಗಿದು ಉಬ್ಬಿ, ನೋವು ಏರುತ್ತಾ, ಮೋಷನ್ ಮಾತ್ರ ಆಗದಿದ್ದರೆ ಒಂದು ಗುಟುಕನ್ನೂ ಕುಡಿಸಬೇಡಿ, ಆ ಕ್ಷಣವೇ ಕರೆಯಿರಿ. ಕರುಳು ಎಲ್ಲೋ ಮುಚ್ಚಿಕೊಂಡಿರಬಹುದು. ಅಂಥವರಿಗೆ ಈ ಮದ್ದೇ ಅಪಾಯ.

ಬೆಳಗ್ಗೆ 7ರ ಹೊತ್ತಿಗೆ ಕೊನೆಯ ಮೋಷನ್‌ನ್ನು ಯಾರಾದರೂ ಕಣ್ಣಾರೆ ನೋಡಲೇಬೇಕು. ಎಷ್ಟು ಸಲ ಹೋದರು ಎಂಬ ಲೆಕ್ಕ ಸಾಲದು, ಹತ್ತು ಸಲ ಹೋದರೂ ಕಂದು ನೀರೇ ಬರುತ್ತಿರಬಹುದು. ತಿಳಿ ಹಳದಿಯಾಗಿ, ಚೂರುಗಳಿಲ್ಲದೆ, ಕಮೋಡಿನ ತಳ ಕಾಣುವಂತಿದ್ದರೆ ಸರಿ. ಕಾಫಿ ಬಣ್ಣದ ನೀರು, ಕದಡಿದ ಬಗ್ಗಡ ಬರುತ್ತಿದ್ದರೆ ಆಗಲೇ ಹೇಳಿ. ಸ್ಕೋಪಿ ಎರಡು-ಮೂರು ಗಂಟೆ ಮುಂದೂಡಿ, ಇನ್ನೊಂದು-ಎರಡು ಲೀಟರ್ ಪೆಗ್ ಕೊಟ್ಟು ಅದೇ ದಿನ ಮುಗಿಸಲು ಸಾಧ್ಯ. ಫೋಟೋ ತೆಗೆದು ಸಿಸ್ಟರ್‌ಗೆ ತೋರಿಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಒಂದು ಫೋಟೋ ಒಂದು ದಿನದ ಬೆಡ್ ಚಾರ್ಜನ್ನು, ಮತ್ತೊಂದು ರಾತ್ರಿಯ ಉಪವಾಸವನ್ನು ಉಳಿಸುತ್ತದೆ.

ಪರೀಕ್ಷೆಯಾದ ಮೇಲೆ ರಿಪೋರ್ಟ್‌ನಲ್ಲಿ ಬಾಸ್ಟನ್ ಸ್ಕೋರ್ ಎಂದು ಇರುತ್ತದೆ, ಕರುಳು ಎಷ್ಟು ಕ್ಲೀನ್ ಆಗಿತ್ತು ಎಂದು ಹೇಳುವ ಅಂಕ ಅದು. ದೊಡ್ಡ ಕರುಳಿನ ಮೂರು ಭಾಗಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 9. ಒಟ್ಟು 6 ಬಂದರಷ್ಟೇ ಸಾಲದು, ಪ್ರತಿ ಭಾಗಕ್ಕೂ 2 ಅಥವಾ 3 ಬಂದಿರಬೇಕು. ಬಲಭಾಗಕ್ಕೆ 1 ಎಂದಿದ್ದರೆ "ಎಲ್ಲಾ ನಾರ್ಮಲ್" ಎಂಬ ಸಾಲನ್ನು ಪೂರ್ತಿ ನಂಬಲಾಗದು. ಮತ್ತೆ ಯಾವಾಗ ನೋಡಬೇಕು ಎಂದು ಕೇಳಿ.

ಮರುದಿನಕ್ಕೆ ಅತ್ತೆಯವರಿಗೆ ಅದೇ 2 ಲೀಟರ್ ಸಾಕೇ? ಒಮ್ಮೆ ವಿಫಲವಾದವರಿಗೆ, ಹಳೆಯ ಮಲಬದ್ಧತೆ ಇರುವವರಿಗೆ, ಬಹುಕಾಲದ ಶುಗರ್‌ನವರಿಗೆ, ಟ್ರಮಡಾಲ್, ಮಾರ್ಫಿನ್‌ನಂಥ ನೋವುನಿವಾರಕ ಪಡೆಯುತ್ತಿರುವವರಿಗೆ, ಪಾರ್ಶ್ವವಾಯು ಆದವರಿಗೆ 4 ಲೀಟರ್ ಬೇಕಾಗುವುದು ಸಾಮಾನ್ಯ: ಸಂಜೆ 2, ಬೆಳಗ್ಗೆ 2. ಕೆಲವರಿಗೆ ಹಿಂದಿನ ದಿನ ಭೇದಿ ಮಾಡಿಸುವ ಬಿಸಾಕೊಡಿಲ್ ಮಾತ್ರೆಯನ್ನೂ ಸೇರಿಸುತ್ತಾರೆ. ಗುಳ್ಳೆ, ನೊರೆ ಹೆಚ್ಚಿದ್ದರೆ ಸಿಮೆಥಿಕೋನ್ ಕೊಡುತ್ತಾರೆ. ಮಲಬದ್ಧತೆಗೆ ದಿನವೂ ತೆಗೆದುಕೊಳ್ಳುವ, ಲವಣವಿಲ್ಲದ ಪೆಗ್ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಅದು ಬೇರೆ, ಇದು ಬೇರೆ. ಅದನ್ನೇ ಲೀಟರ್‌ಗಟ್ಟಲೆ ಕದಡಿ ಕುಡಿದರೆ ಸೋಡಿಯಂ ಇಳಿಯುತ್ತದೆ.

ನನ್ನ ತಾಯಿಗೆ ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಗಿದೆ. ನೀರು ಕುಡಿದರೆ ನೆತ್ತಿಗೇರುತ್ತದೆಂದು ಪುಡಿ ಹಾಕಿ ಮಂದ ಮಾಡಿ ಕುಡಿಸುತ್ತೇವೆ. ಪೆಗ್ ನೀರನ್ನೂ ಹಾಗೆಯೇ ಮಂದ ಮಾಡಿ ಕೊಡಬಹುದೇ?
— ಓದುಗರು, ಕೆ.ಆರ್. ಪುರ

ಬೇಡ. ಇದು ಬಹಳ ಮುಖ್ಯವಾದ ಪ್ರಶ್ನೆ. ಮಂದ ಮಾಡುವ ಪುಡಿ ಪಿಷ್ಟದಿಂದ ಮಾಡಿದ್ದಾದರೆ ಪೆಗ್ ಅದರ ಮಂದತನವನ್ನು ಒಡೆದು ಮತ್ತೆ ನೀರಾಗಿಸಿಬಿಡುತ್ತದೆ. ಮಂದವಾಗಿದೆ ಎಂದು ನಂಬಿ ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಇದೇ ವಿಷಯವಾಗಿ ಎಚ್ಚರಿಕೆ ಹೊರಡಿಸಿದೆ.

ಇಂಥವರಿಗೆ ಸಾಮಾನ್ಯವಾಗಿ ಮೂಗಿನ ಟ್ಯೂಬ್ ಮೂಲಕ ಪೆಗ್ ಕೊಡುತ್ತಾರೆ. ಟ್ಯೂಬ್ ಇದ್ದಮಾತ್ರಕ್ಕೆ ನಿಶ್ಚಿಂತೆಯಲ್ಲ. ಅದರ ತುದಿ ಹೊಟ್ಟೆಯಲ್ಲೇ ಇದೆಯೆಂದು, ಸಾಧ್ಯವಾದರೆ ಎಕ್ಸ್‌ರೇ ತೆಗೆದು, ಖಚಿತಪಡಿಸಿಕೊಂಡ ಮೇಲೆಯೇ ಹನಿಸಬೇಕು. ಪೆಗ್ ಶ್ವಾಸಕೋಶಕ್ಕೆ ಹೋದರೆ ಆಗುವ ಹಾನಿ ಸಾಧಾರಣವಾದುದಲ್ಲ. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ, ಮುಗಿದ ಮೇಲೂ ಒಂದೆರಡು ಗಂಟೆ ಹಾಗೆಯೇ ಇರಲಿ. ಸಿರಿಂಜ್‌ನಿಂದ ಒತ್ತಿ ತುಂಬಿಸದೆ ನಿಧಾನವಾಗಿ ಹನಿಸಬೇಕು. ಕೆಮ್ಮು, ಗೊರಗೊರ ಸದ್ದು, ವಾಂತಿ ಕಂಡರೆ ನಿಲ್ಲಿಸಿ.

ಮೈ ಕೆಳಗೆ ದೊಡ್ಡ ಅಂಡರ್‌ಪ್ಯಾಡ್ ಹಾಸಿ. ಭೇದಿ ಶುರುವಾಗುವ ಮೊದಲೇ ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚಿದರೆ ಚರ್ಮ ಕಿತ್ತುಹೋಗುವುದಿಲ್ಲ. ಇಷ್ಟೆಲ್ಲ ತ್ರಾಸ ಕೊಟ್ಟು ಮಾಡುವ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ. ಕೆಲವರಿಗೆ ಇನ್ನೆರಡು ತಿಂಗಳು ಕಾದು, ನುಂಗುವ ಶಕ್ತಿ ಮರಳಿದ ಮೇಲೆ ಮಾಡುವುದು ಮೇಲು.

ಆಸ್ಪತ್ರೆಯ ಅಡುಗೆಮನೆಯಿಂದ ಬೆಳಗ್ಗೆ ರಾಗಿ ಗಂಜಿ, ಮಧ್ಯಾಹ್ನ ಸೊಪ್ಪಿನ ಸಾರು ಅನ್ನ ಬರುತ್ತದೆ. ಸ್ಕೋಪಿ ನಾಳಿದ್ದು. ಏನು ತಿನ್ನಿಸಬಹುದು?
— ಓದುಗರು, ಮಲ್ಲೇಶ್ವರ

ರಾಗಿ ನಮ್ಮ ಮಣ್ಣಿನ ಒಳ್ಳೆಯ ಧಾನ್ಯ, ಈ ಎರಡು ದಿನಕ್ಕೆ ಮಾತ್ರ ಬೇಡ. ಅದರ ತೌಡು ಕರುಳಿನಲ್ಲಿ ಉಳಿಯುತ್ತದೆ. ಸೊಪ್ಪು, ಅವರೆಕಾಳು, ಹುರುಳಿಕಾಳು, ಕಡಲೆಕಾಯಿ, ಎಳ್ಳು, ಸೀಬೆಹಣ್ಣು, ಅಂಜೂರ, ಸೌತೆಕಾಯಿ ಮತ್ತು ಟೊಮೆಟೊ ಬೀಜ, ಕಾಮಕಸ್ತೂರಿ ಬೀಜ ಇವೂ ಬೇಡ. ಒಗ್ಗರಣೆಯ ಸಾಸಿವೆ, ಕರಿಬೇವು, ಕೊತ್ತಂಬರಿ ಸೊಪ್ಪನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸ್ಕೋಪಿನ ಕೊಳವೆಗೆ ಸಿಕ್ಕಿಕೊಳ್ಳುವುದು ಇಂಥವೇ.

ಮೃದುವಾದ ಇಡ್ಲಿ (ಚಟ್ನಿ ಬಿಟ್ಟು), ಬಿಳಿ ಅನ್ನಕ್ಕೆ ಮೊಸರು, ರವೆ ಗಂಜಿ, ಬ್ರೆಡ್, ಬೇಯಿಸಿದ ಮೊಟ್ಟೆ, ಸಿಪ್ಪೆ ತೆಗೆದ ಆಲೂಗಡ್ಡೆ ಕೊಡಬಹುದು. ಡಯಟಿಷಿಯನ್‌ಗೆ "ನಾರು ಕಡಿಮೆ ಇರುವ ಊಟ" ಎಂದು ಬರೆಸಿದರೆ ಅಡುಗೆಮನೆಗೆ ತಿಳಿಯುತ್ತದೆ.

ಹಿಂದಿನ ದಿನ ಸಂಜೆಯಿಂದ ತಿಳಿ ದ್ರವ ಮಾತ್ರ: ಸೋಸಿದ ತಿಳಿಸಾರು, ಸೋಸಿದ ನಿಂಬೆ ಪಾನಕ, ಎಳನೀರು, ಆಪಲ್ ಜ್ಯೂಸ್, ಹಾಲಿಲ್ಲದ ಟೀ ಅಥವಾ ಕಾಫಿ. ಮಜ್ಜಿಗೆ, ಹಾಲು ತಿಳಿ ದ್ರವವಲ್ಲ. ದಾಳಿಂಬೆ, ಬೀಟ್‌ರೂಟ್, ದ್ರಾಕ್ಷಿ, ಪುನರ್ಪುಳಿಯ ಕೆಂಪು ಬಣ್ಣ ಒಳಗೆ ರಕ್ತದಂತೆ ಕಾಣುತ್ತದೆ, ಅವನ್ನು ಬಿಡಿ.

ಶುಗರ್ ಮಾತ್ರೆ, ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆಗಳನ್ನು ಏನು ಮಾಡಬೇಕು?
— ಓದುಗರು, ರಾಜಾಜಿನಗರ

ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಪಟ್ಟಿ ಮಾಡಿ ತೋರಿಸಿ. ಒಂದನ್ನು ಮಾತ್ರ ಒತ್ತಿ ಕೇಳಿ: ಶುಗರ್ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದೆಯೇ? ಇವನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸುತ್ತಾರೆ. ಉಪವಾಸದಲ್ಲಿ ಇವು ರಕ್ತದಲ್ಲಿ ಆಮ್ಲ ಏರಿಸಬಲ್ಲವು, ಆಗ ಶುಗರ್ ರೀಡಿಂಗ್ ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ವಾಂತಿ, ಏದುಸಿರು ಕಂಡರೆ ಕೀಟೋನ್ (ಆ ಆಮ್ಲದ ಪರೀಕ್ಷೆ) ನೋಡಿಸಿ. ಇನ್ಸುಲಿನ್‌ನವರಿಗೆ ಡೋಸ್ ಇಳಿಸಬೇಕಾಗುತ್ತದೆ, 4ರಿಂದ 6 ಗಂಟೆಗೊಮ್ಮೆ ಬೆರಳಿನ ರಕ್ತ ನೋಡುತ್ತಿರಲಿ. ಶುಗರ್ ಇಳಿದರೆ ಸೋಸಿದ ಸಿಹಿ ಜ್ಯೂಸನ್ನು ಪ್ರತ್ಯೇಕವಾಗಿ ಕೊಡಿ, ಪೆಗ್‌ಗೆ ಬೆರೆಸಬೇಡಿ. ಅತ್ಯಗತ್ಯ ಮಾತ್ರೆಗಳನ್ನು ಪೆಗ್ ಶುರುಮಾಡುವ ಒಂದು ಗಂಟೆಗೂ ಮೊದಲೇ ನುಂಗಿಸಬೇಕು, ಇಲ್ಲದಿದ್ದರೆ ಮಾತ್ರೆಯೂ ತೊಳೆದುಹೋಗುತ್ತದೆ. ಆಸ್ಪಿರಿನ್‌ನ್ನು ಹೆಚ್ಚಾಗಿ ಮುಂದುವರಿಸುತ್ತಾರೆ. ಕ್ಲೊಪಿಡೋಗ್ರೆಲ್, ವಾರ್ಫರಿನ್ ವಿಷಯವನ್ನು ಹೃದಯದ ಡಾಕ್ಟರ್ ಜೊತೆ ಮಾತಾಡಿಯೇ ತೀರ್ಮಾನಿಸಬೇಕು. ಸ್ಟೆಂಟ್ ಹೊಸದಾದರೆ ಇನ್ನೂ ಹುಷಾರು.

ನಮ್ಮವರಿಗೆ ಡಯಾಲಿಸಿಸ್ ನಡೆಯುತ್ತಿದೆ. ದಿನಕ್ಕೆ ಒಂದು ಲೀಟರ್ ನೀರಷ್ಟೇ ಎಂದಿದ್ದಾರೆ. ಪೆಗ್ 2 ಲೀಟರ್ ಹೇಗೆ ಕುಡಿಸುವುದು?
— ಓದುಗರು, ವಿಜಯನಗರ

ಪೆಗ್ ನೀರು ಬಹುಪಾಲು ಮೈಗೆ ಸೇರದೆ ಹೊರಹೋಗುವುದರಿಂದ ಅದನ್ನು ಆ ಒಂದು ಲೀಟರ್‌ನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಜೊತೆ ಕುಡಿಯುವ ಬೇರೆ ನೀರು, ಜ್ಯೂಸ್ ಮಾತ್ರ ಲೆಕ್ಕಕ್ಕೆ ಬರುತ್ತವೆ. ಎಳನೀರು ಕೊಡಲೇಬೇಡಿ, ಅದರ ಪೊಟ್ಯಾಸಿಯಂ ಇವರಿಗೆ ಪ್ರಾಣಕ್ಕೆ ಕುತ್ತು. ಫಾಸ್ಫೇಟ್, ಮೆಗ್ನೀಸಿಯಂ ಇರುವ ಮದ್ದು ನಿಷಿದ್ಧ. ಗುದದ್ವಾರದಿಂದ ಒಳಗೆ ಬಿಡುವ ಫಾಸ್ಫೇಟ್ ಎನಿಮಾ ಕೂಡ.

ಇಷ್ಟೆಲ್ಲ ಕುಡಿಸುವ ಬದಲು ಎನಿಮಾ ಕೊಟ್ಟರೆ ಸಾಲದೇ?
— ಓದುಗರು, ಬಸವನಗುಡಿ

ಎನಿಮಾ ತೊಳೆಯುವುದು ಕರುಳಿನ ಕೊನೆಯ ಎಡಭಾಗವನ್ನಷ್ಟೇ. ಅಷ್ಟನ್ನೇ ನೋಡುವ ಸಿಗ್ಮಾಯ್ಡೋಸ್ಕೋಪಿಗೆ ಸಾಕು. ಪೂರ್ತಿ ಕೊಲೊನೋಸ್ಕೋಪಿಗೆ ಬಾಯಿಯ ಮದ್ದು ಬೇಕೇ ಬೇಕು.

ಚಿಕ್ಕಪ್ಪನವರಿಗೆ ಮಲದಲ್ಲಿ ವಿಪರೀತ ರಕ್ತ ಹೋಗಿ ಐಸಿಯುನಲ್ಲಿದ್ದಾರೆ. ರಕ್ತ ಹೋಗುವಾಗ ಭೇದಿ ಮದ್ದು ಕೊಟ್ಟರೆ ಇನ್ನೂ ಹೆಚ್ಚುವುದಿಲ್ಲವೇ?
— ಓದುಗರು, ಹೆಬ್ಬಾಳ

ಪೆಗ್‌ನಿಂದ ರಕ್ತಸ್ರಾವ ಹೆಚ್ಚುವುದಿಲ್ಲ. ಒಳಗೆ ನಿಂತ ಹಳೆಯ ರಕ್ತವೇ ಹೊರಬರುವುದರಿಂದ ಹೆಚ್ಚಾದಂತೆ ಕಾಣುತ್ತದೆ. ಮೊದಲು ಬಿಪಿ, ನಾಡಿ ಸ್ಥಿರವಾಗಬೇಕು, ಬೇಕಾದರೆ ರಕ್ತ ಏರಿಸಬೇಕು. ಆಮೇಲೆ, ಬೇಗ ನೋಡಬೇಕಿದ್ದರೆ, 4ರಿಂದ 6 ಲೀಟರ್ ಪೆಗ್ ಅನ್ನು 3-4 ಗಂಟೆಯಲ್ಲಿ ಕೊಡುತ್ತಾರೆ. ಕುಡಿಯಲಾಗದವರಿಗೆ ಟ್ಯೂಬ್ ಮೂಲಕ ಹನಿಸುತ್ತಾರೆ. ತೊಳೆಯದ ಕರುಳಿನಲ್ಲಿ ರಕ್ತ ಒಸರುವ ಜಾಗ ಕಾಣುವುದಿಲ್ಲ, ಕ್ಲಿಪ್ ಹಾಕಲೂ ಆಗುವುದಿಲ್ಲ. 24 ಗಂಟೆಯೊಳಗೆ ಮಾಡಲೇಬೇಕೆಂಬ ಹಳೆಯ ಆತುರ ಈಗಿಲ್ಲ. ರಕ್ತ ನಿಂತು ಸ್ಥಿತಿ ಹಿಡಿತದಲ್ಲಿದ್ದರೆ ಚೆನ್ನಾಗಿ ತಯಾರಿ ಮಾಡಿಸಿ ಮರುದಿನ ಮಾಡಬಹುದು. ರಕ್ತ ನಿಲ್ಲದೆ ಬಿಪಿ ಕುಸಿಯುತ್ತಲೇ ಇದ್ದರೆ ಸ್ಕೋಪಿಗೆ ಕಾಯದೆ ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಮಾಡಿ ಒಸರುವ ಜಾಗ ಹುಡುಕುತ್ತಾರೆ. ಅದಕ್ಕೆ ಕರುಳು ತೊಳೆಯಬೇಕಾಗಿಲ್ಲ.